ಕೋಲಾರದ ಬೋರ್ ನೀರಿಗೆ ಅಕ್ವೇರಿಯಂ ಗಿಡಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಅಕ್ವೇರಿಯಂ ಅಂಗಡಿಗೆ ಹೋದವರು ಗಿಡದ ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಗಡಸು ನೀರಲ್ಲಿ ಬದುಕುತ್ತಾ? ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಹೆಚ್ಚಿನ ಮನೆಗಳಿಗೆ ಬರುವುದು ಬೋರ್ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಧಾರಾಳವಾಗಿರುತ್ತವೆ. ಯೂಟ್ಯೂಬಿನಲ್ಲಿ ಕಾಣುವ ಕೆಂಪು ಗಿಡಗಳ ತೋಟ ಇದರಲ್ಲಿ ಬರುವುದಿಲ್ಲ. ಆದರೆ ಇದೇ ನೀರಲ್ಲಿ ಹುಲುಸಾಗಿ ಬೆಳೆಯುವ ಗಿಡಗಳಿವೆ, ಅದೃಷ್ಟಕ್ಕೆ ಅವುಗಳಲ್ಲಿ ಹೆಚ್ಚಿನವು ಅಗ್ಗ. ಹೊಸಬರಿಗೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಗಿಡಗಳನ್ನು ಇಲ್ಲಿ ಈ ದೃಷ್ಟಿಯಿಂದಲೇ ನೋಡಿದೆ. ಲೆಕ್ಕವೆಲ್ಲ ಎರಡಡಿ ಟ್ಯಾಂಕಿಗೆ, ಅಂದರೆ 60×30×30 ಸೆಂ.ಮೀ., ಸುಮಾರು 50 ಲೀಟರ್.

ಮೊದಲ ಸ್ಥಾನ ವ್ಯಾಲಿಸ್ನೇರಿಯಾಕ್ಕೆ. ರಿಬ್ಬನ್ನಿನಂಥ ಉದ್ದ ಎಲೆಯ ಗಿಡ. ಅನೇಕ ಜಲಸಸ್ಯಗಳಿಗೆ ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡೇ ಬೇಕು. ಇದು ಬೈಕಾರ್ಬನೇಟಿನಿಂದಲೂ ಇಂಗಾಲ ತೆಗೆದುಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ, ಗಡಸು ನೀರಲ್ಲೇ ಚೆನ್ನಾಗಿ ಬೆಳೆಯುವುದು ಅದಕ್ಕೇ. ಕೊಳ್ಳುವಾಗ ಬೇರು ನೋಡಿ: ಬಿಳಿಯಾಗಿ, ಗಟ್ಟಿಯಾಗಿರಬೇಕು. ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚುವ ಬೇರು ಕೊಳೆತದ್ದು. ಎರಡಡಿ ಟ್ಯಾಂಕಿನ ಹಿಂಬದಿಗೆ ಹತ್ತು ಸಸಿ ಸಾಕು. ಬೇರನ್ನು 4 ಸೆಂ.ಮೀ.ಗೆ ಕತ್ತರಿಸಿ, 5 ಸೆಂ.ಮೀ. ಅಂತರದಲ್ಲಿ ನೆಡಿ. ಎಲೆಗಳು ಹೊರಡುವ ಬಿಳಿ ಬುಡ ಮರಳಿನ ಮೇಲೆ ಕಾಣುತ್ತಿರಬೇಕು. ಅದು ಹೂತರೆ ಗಿಡ ಬುಡದಿಂದಲೇ ಕೊಳೆಯುತ್ತದೆ. ಮೊದಲ ವಾರಗಳಲ್ಲಿ ಹಳೆಯ ಎಲೆಗಳು ಪಾರದರ್ಶಕವಾಗಿ ಕರಗಿದರೆ ಕಿತ್ತೆಸೆಯಬೇಡಿ, ಕೆಟ್ಟ ಎಲೆ ಮಾತ್ರ ಕತ್ತರಿಸಿ. ಹೊಸ ಎಲೆ ಬಂದ ಮೇಲೆ ಹಂಬು ಹರಿದು ಮರಿಗಿಡಗಳಾಗುತ್ತವೆ. ಇದನ್ನು ಕೊಲ್ಲುವ ಸುಲಭ ದಾರಿ ಅದೇ ಅಂಗಡಿಯ ಇನ್ನೊಂದು ಕಪಾಟಿನಲ್ಲಿದೆ: ಗಿಡಕ್ಕೆ ಇಂಗಾಲ ಕೊಡುತ್ತದೆಂದು ಮಾರುವ, ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಇರುವ 'ಲಿಕ್ವಿಡ್ ಕಾರ್ಬನ್'. ವ್ಯಾಲಿಸ್ನೇರಿಯಾ ಇದ್ದ ಟ್ಯಾಂಕಿಗೆ ಅದನ್ನು ಹಾಕಬೇಡಿ.

ಎರಡನೆಯದು ಕ್ರಿಪ್ಟೊಕೊರೈನ್, ಅದರಲ್ಲೂ ಶ್ರೀಲಂಕಾ ಮೂಲದ ವೆಂಡ್ಟಿ. ಕಡಿಮೆ ಬೆಳಕು, ಗಡಸು ನೀರು, ಬಿಸಿಲುಕಾಲದ ಸೆಕೆ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಇದರ ಮೇಲಿನ ದೂರೆಲ್ಲ ಒಂದೇ: 'ತಂದ ವಾರಕ್ಕೇ ಕರಗಿ ಹೋಯ್ತು'. ಜಾಗ ಬದಲಾದಾಗ ಎಲೆಯನ್ನೆಲ್ಲ ಕರಗಿಸಿಕೊಳ್ಳುವುದು ಈ ಗಿಡದ ಜಾಯಮಾನ. ಅಂಗಡಿಗೆ ಬರುವ ಕ್ರಿಪ್ಟ್ ಹಲವು ಸಲ ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆಸಿದ್ದು. ಗಾಳಿಯಲ್ಲಿ ಬೆಳೆದ ಎಲೆ ನೀರೊಳಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಬೇರು ಜೀವಂತವಾಗಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ ಹೊಸ ಚಿಗುರು ಬರುತ್ತದೆ. ಸತ್ತಿತೆಂದು ಕಿತ್ತು ನೋಡುವುದು, ಮತ್ತೆ ನೆಡುವುದು, ಇದರಿಂದಲೇ ಹೆಚ್ಚಿನ ಕ್ರಿಪ್ಟ್‌ಗಳು ಸಾಯುವುದು. ಇದು ಬೇರಿನಿಂದ ಉಣ್ಣುವ ಗಿಡ. ಪ್ರತಿ 15 ಸೆಂ.ಮೀ.ಗೆ ಒಂದು ರೂಟ್ ಟ್ಯಾಬ್ (ಬೇರಿಗೆ ಕೊಡುವ ಗೊಬ್ಬರದ ಗುಳಿಗೆ) ಮರಳಿನ ತಳಕ್ಕೆ ಒತ್ತಿ, ಎರಡು-ಮೂರು ತಿಂಗಳಿಗೊಮ್ಮೆ ಬದಲಿಸಿ. ಬೇರೂರಲು ಕನಿಷ್ಠ 5 ಸೆಂ.ಮೀ. ಮರಳು ಬೇಕು.

ಅನುಬಿಯಾಸ್ ನಾನಾ ದುಬಾರಿ, ಆದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಇರುತ್ತದೆ. ಪಶ್ಚಿಮ ಆಫ್ರಿಕಾ ಕಡೆಯ ಈ ಗಿಡಕ್ಕೆ ರೈಜೋಮ್, ಅಂದರೆ ಅಡ್ಡಕ್ಕೆ ಬೆಳೆಯುವ ದಪ್ಪ ಕಾಂಡ ಇದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ಹತ್ತಿ ದಾರದಿಂದ ಕಟ್ಟಿ, ಇಲ್ಲವೇ ಸೂಪರ್ ಗ್ಲೂ ಜೆಲ್ ಒಂದು ಹನಿ ಹಾಕಿ ಅಂಟಿಸಿ. ಬೇರು ಕಲ್ಲನ್ನು ತಾನೇ ಹಿಡಿದುಕೊಳ್ಳುತ್ತದೆ. ಕೊಳ್ಳುವ ಮುನ್ನ ರೈಜೋಮ್ ಒತ್ತಿ ನೋಡಿ, ಮೆತ್ತಗಿದ್ದು ನಾತ ಬಂದರೆ ಅಲ್ಲೇ ಬಿಟ್ಟುಬಿಡಿ. ಬೆಳವಣಿಗೆ ನಿಧಾನವಾದ್ದರಿಂದ ಬೆಳಕು ಜಾಸ್ತಿಯಾದರೆ ಎಲೆ ತುಂಬ ಪಾಚಿ ಕೂರುತ್ತದೆ. ಟ್ಯಾಂಕಿನ ನೆರಳಿನ ಮೂಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಜಾವಾ ಫರ್ನ್ ನೆಡುವುದೂ ಹೀಗೆಯೇ. ಹಳೆಯ ಎಲೆಯ ಅಡಿಯಲ್ಲಿ ಸಾಲಾಗಿ ಕಾಣುವ ಕಂದು ಚುಕ್ಕೆ ರೋಗವಲ್ಲ, ಬೀಜಕದ ಗುಂಪು. ಸೆಕೆ ಮಾತ್ರ ಇದಕ್ಕೆ ಆಗದು. ನೀರು ವಾರಗಟ್ಟಲೆ 30 ಡಿಗ್ರಿ ದಾಟಿದರೆ ಎಲೆ ಕಪ್ಪಾಗುತ್ತದೆ. ಜಾವಾ ಮಾಸ್‌ನದೂ ಅದೇ ಕಥೆ. ಏಪ್ರಿಲ್‌ನಲ್ಲಿ ಇವೆರಡನ್ನೂ ಕೊಳ್ಳದೆ ಮಳೆಗಾಲದವರೆಗೆ ಕಾಯುವುದು ಲೇಸು.

ಹೈಗ್ರೊಫಿಲಾ ಪಾಲಿಸ್ಪರ್ಮಾ ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ, ಬುಡಕ್ಕೆ ಸೀಸದ ಪಟ್ಟಿ ಅಥವಾ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ. ಹಾಗೇ ನೆಟ್ಟರೆ ಅದುಮಿದ ಕಾಂಡ ವಾರದಲ್ಲಿ ಕೊಳೆಯುತ್ತದೆ. ಬಿಚ್ಚಿ, ನಜ್ಜಿದ ಭಾಗ ಕತ್ತರಿಸಿ, ಕೆಳಗಿನ ಎರಡು ಗಿಣ್ಣಿನ ಎಲೆ ತೆಗೆದು, ಒಂದೊಂದೇ ಕಾಂಡವನ್ನು 2-3 ಸೆಂ.ಮೀ. ಬಿಟ್ಟು ನೆಡಿ. ಬೆಳೆದಂತೆ ತುದಿ ಚಿವುಟಿ ಮತ್ತೆ ನೆಟ್ಟುಕೊಂಡರೆ ಒಂದು ಕಟ್ಟು ಟ್ಯಾಂಕ್ ತುಂಬುತ್ತದೆ.

ಹಾರ್ನ್‌ವರ್ಟ್‌ಗೆ ಬೇರೇ ಇಲ್ಲ, ತೇಲಿಬಿಟ್ಟರಾಯಿತು. ಹೊಸ ಟ್ಯಾಂಕಿನ ಮೊದಲ ತಿಂಗಳಲ್ಲಿ ಅಮೋನಿಯಾ, ನೈಟ್ರೇಟ್ ಹೀರಿ ಪಾಚಿಯನ್ನು ಹಿಡಿತದಲ್ಲಿಡುವುದರಲ್ಲಿ ಇದನ್ನು ಮೀರಿಸುವ ಅಗ್ಗದ ಗಿಡವಿಲ್ಲ. ತಂದ ಹೊಸದರಲ್ಲಿ ಸೂಜಿ ಎಲೆ ಉದುರಿಸಿ ಫಿಲ್ಟರ್ ಸ್ಪಂಜು ಕಟ್ಟಿಸುತ್ತದೆ, ಅಷ್ಟು ಕಿರಿಕಿರಿ ಇದ್ದೇ ಇದೆ. ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಹರಡಲು ಬಿಡಬೇಡಿ, ಕೆಳಗಿನ ಗಿಡಕ್ಕೆ ಬೆಳಕು ಬೀಳದು.

ಇನ್ನು ದುಡ್ಡು ದಂಡವಾಗುವ ಪಟ್ಟಿ. ರೊಟಾಲಾ ಮ್ಯಾಕ್ರಾಂಡ್ರಾ ಭಾರತದ್ದೇ ಗಿಡ, ಕಡುಗೆಂಪು ಬಣ್ಣ ಕಣ್ಣು ಸೆಳೆಯುತ್ತದೆ. ಅದಕ್ಕೆ ಮೆದು ನೀರು, ಜೋರು ಬೆಳಕು, ಸಿಲಿಂಡರ್ ಮೂರೂ ಬೇಕು. ಲಕ್ಕಿ ಬ್ಯಾಂಬೂ ಬಿದಿರೂ ಅಲ್ಲ, ಜಲಸಸ್ಯವೂ ಅಲ್ಲ, ಡ್ರಸೀನಾ ಜಾತಿ. ಪೂರ್ತಿ ಮುಳುಗಿಸಿದರೆ ನಿಧಾನವಾಗಿ ಕೊಳೆಯುತ್ತದೆ, ಎಲೆ ಹೊರಗಿಟ್ಟರೂ ಡ್ರಸೀನಾಗೆ ಫ್ಲೋರೈಡ್ ಆಗದು. ಫ್ಲೋರೈಡ್‌ಗೆ ಕುಖ್ಯಾತವಾದ ಕೋಲಾರದ ನೀರಲ್ಲಿ ಎಲೆತುದಿ ಸುಟ್ಟಂತಾಗುವುದು ಸಹಜ. ನೇರಳೆ ಬಣ್ಣದ ಹೆಮಿಗ್ರಾಫಿಸ್, ಸಿಂಗೋನಿಯಂ, ಮಾಂಡೋ ಗ್ರಾಸ್ ಇವೂ ಕುಂಡದ ಗಿಡಗಳೇ. ಆನ್‌ಲೈನ್‌ನಲ್ಲಿ ಮಾರುವ 'ಕಾರ್ಪೆಟ್ ಬೀಜ' ಶುದ್ಧ ಮೋಸ: ವಾರದಲ್ಲಿ ಹಸಿರು ಚಾಪೆ ಹಾಸಿ ಖುಷಿ ಕೊಟ್ಟು, ಕೆಲವು ತಿಂಗಳಲ್ಲಿ ಒಟ್ಟಿಗೆ ಕೊಳೆತು ನೀರು ಕೆಡಿಸುತ್ತದೆ. ಕೆರೆಯ ಹೈಡ್ರಿಲ್ಲಾ ಪುಕ್ಕಟೆ ಸಿಗುತ್ತದೆ ನಿಜ. ಅದರ ಜೊತೆ ಬರುವ ಏರೋಪ್ಲೇನ್ ಚಿಟ್ಟೆಯ ಮರಿ ನಿಮ್ಮ ಗಪ್ಪಿ ಮರಿಗಳನ್ನು ಒಂದೊಂದಾಗಿ ಮುಗಿಸುತ್ತದೆ. 2018ರಿಂದ ಕೆ.ಸಿ. ವ್ಯಾಲಿ ನೀರು ಹರಿಯುತ್ತಿರುವ ಕೆರೆಗಳಿಂದಂತೂ ತರಲೇಬೇಡಿ, ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು.

ಅಂಗಡಿಯ ಗಿಡವನ್ನೂ ನೇರ ಟ್ಯಾಂಕಿಗೆ ಹಾಕಬಾರದು. ಪೊಟ್ಯಾಸಿಯಂ ಪರ್ಮಾಂಗನೇಟ್ ಲೀಟರಿಗೆ 10 ಮಿಲಿಗ್ರಾಂ, ಅಂದರೆ ಬಕೆಟ್ಟಿಗೆ ಕೆಲವೇ ಹರಳು, ನೀರು ಗುಲಾಬಿಯಾಗುವಷ್ಟು. ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆಯಿರಿ. ಬಸವನಹುಳುವಿನ ಮೊಟ್ಟೆಗೆ ಇದನ್ನು ನಂಬುವಂತಿಲ್ಲ, ಎಲೆಯಡಿಯ ಲೋಳೆಯಂಥ ಹನಿಗಳನ್ನು ಉಗುರಿನಿಂದ ಕೆರೆದೇ ತೆಗೆಯಬೇಕು.

ನೀರಿನ ವಿಷಯಕ್ಕೆ ಬಂದರೆ, ಗಡಸುತನಕ್ಕೆ ಹೆದರಿ ಟ್ಯಾಂಕಿಗೆ ಪೂರ್ತಿ ಫಿಲ್ಟರ್ ನೀರು ತುಂಬುವವರಿದ್ದಾರೆ. ಊರೂರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನಿಗೆ ಸಿಗುವುದು ಆರ್‌ಒ ನೀರು. ಖನಿಜ ಬಹುಪಾಲು ಹೋಗಿರುತ್ತದೆ. ಅದೊಂದರಲ್ಲೇ ವ್ಯಾಲಿಸ್ನೇರಿಯಾ ಸೊರಗುತ್ತದೆ, ಬಸವನಹುಳುವಿನ ಚಿಪ್ಪು ಸವೆಯುತ್ತದೆ. ನೀರು ತೀರಾ ಗಡಸಾಗಿದ್ದರೆ ಅರ್ಧಕ್ಕರ್ಧ ಬೆರೆಸಿ, ಇಲ್ಲದಿದ್ದರೆ ಬೋರ್ ನೀರೇ ಇರಲಿ, ಗಪ್ಪಿ, ಮೋಲಿ, ಪ್ಲಾಟಿಗಳಿಗೂ ಅದೇ ಇಷ್ಟ. ಉಪ್ಪು ಹಾಕಿ ನಡೆಸುವ ಮನೆಯ ಸಾಫ್ಟ್‌ನರ್ ನೀರು ಮಾತ್ರ ಬೇಡವೇ ಬೇಡ, ಅದರಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತಿರುತ್ತದೆ. ಬೋರ್‌ನಿಂದ ಆಗಷ್ಟೇ ಎತ್ತಿದ ನೀರನ್ನು ಒಂದು ರಾತ್ರಿ ಗಾಳಿಪಂಪು ಹಾಕಿ ಬಿಟ್ಟು ಬಳಸಿ, ಪಿಎಚ್ ಒಂದು ಮಟ್ಟಕ್ಕೆ ನಿಲ್ಲುತ್ತದೆ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು.

ಗೊಬ್ಬರದಲ್ಲಿ ಗಡಸು ನೀರಿನವರು ನೋಡಬೇಕಾದ್ದು ಕಬ್ಬಿಣದ ರೂಪ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಲೇಬಲ್ಲಿನಲ್ಲಿ ಇಡಿಟಿಎ (ಕಬ್ಬಿಣವನ್ನು ನೀರಲ್ಲಿ ಕರಗಿರುವಂತೆ ಹಿಡಿದಿಡುವ ರಾಸಾಯನಿಕ) ಕಬ್ಬಿಣ ಮಾತ್ರ ಇದ್ದರೆ, ಪಿಎಚ್ 7 ದಾಟಿದ ನೀರಲ್ಲಿ ಅದು ಬೇಗ ಬಿಟ್ಟುಹೋಗಿ ಗಿಡಕ್ಕೆ ದಕ್ಕುವುದಿಲ್ಲ; ಅದಕ್ಕಿಂತ ಗಟ್ಟಿಯಾಗಿ ಹಿಡಿದಿಡುವ ಡಿಟಿಪಿಎ ಇರುವುದನ್ನು ಹುಡುಕಿ. ಟೊಮೆಟೊ ಸೀಮೆಯಾದ್ದರಿಂದ ಗೊಬ್ಬರದಂಗಡಿಯಲ್ಲಿ ಅಗ್ಗದ ಲಘುಪೋಷಕ ಪುಡಿ ಸಿಗುತ್ತದೆ, ಆಸೆಯೂ ಆಗುತ್ತದೆ. ಅದರ ತಾಮ್ರ, ಸತುವು ತೋಟದ ಪ್ರಮಾಣದವು. ಸಿಗಡಿ ಇದ್ದ ಟ್ಯಾಂಕಿಗಂತೂ ವಿಷ. ಅಕ್ವೇರಿಯಂ ಗೊಬ್ಬರವನ್ನೇ, ಬಾಟಲಿಯಲ್ಲಿ ಬರೆದದ್ದರ ಅರ್ಧ ಪ್ರಮಾಣದಿಂದ ಶುರುಮಾಡಿ.

ಬೆಳಕಿಗೆ 10-15 ವ್ಯಾಟಿನ, 6500 ಕೆಲ್ವಿನ್ ಎಲ್‌ಇಡಿ ಸಾಕು. ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಆಮೇಲೆ ಎಂಟರ ಒಳಗೆ. ತಿರುಗಣೆ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತು ಹಿಂದೆ ಬೀಳುತ್ತದೆ, ಕೆಲವು ವಾರದಲ್ಲಿ ನಡುರಾತ್ರಿ ದೀಪ ಉರಿಯುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಸ್ವಲ್ಪ ಹೆಚ್ಚು ಕೊಡುವುದು ಒಳ್ಳೆಯದು. ಎಂ-ಸ್ಯಾಂಡ್ ಬಳಸುವುದಾದರೆ 2-3 ಮಿ.ಮೀ. ಕಾಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯಿರಿ.

ಬೇಸಿಗೆಯಲ್ಲಿ ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಯಿಸಿದರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಆಗ ಆವಿಯಾಗಿ ಕಡಿಮೆಯಾದ ನೀರಿಗೆ ಮತ್ತೆ ಬೋರ್ ನೀರು ಸುರಿಯಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿದು ನೀರು ದಿನೇ ದಿನೇ ಇನ್ನಷ್ಟು ಗಡಸಾಗುತ್ತದೆ. ಆ ಟಾಪ್-ಅಪ್‌ಗೆ ಮಾತ್ರ ಫಿಲ್ಟರ್ ನೀರು.