ಮನೆ ಜನರೇಟರ್‌ಗೆ 40 ಆಂಪ್ ಡಬಲ್ ಪೋಲ್ ಚೇಂಜ್‌ಓವರ್: ಹೇಗಿದೆ?

ತಗಡಿನ ಪೆಟ್ಟಿಗೆಯಲ್ಲಿ ಬರುವ, ಕೈಯಲ್ಲೇ ಹಿಡಿ ತಿರುಗಿಸಿ ಫೇಸ್, ನ್ಯೂಟ್ರಲ್ ಎರಡನ್ನೂ (ಡಬಲ್ ಪೋಲ್ ಅಂದರೆ ಇದೇ) ಬದಲಿಸುವ ಸಾದಾ ಚೇಂಜ್‌ಓವರ್ ಸ್ವಿಚ್ ಇದು. ಸಿಂಗಲ್ ಫೇಸ್ ಮನೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಒಂದು ಕಡೆ ಲೈನ್ ಕರೆಂಟು, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರುವ ಪ್ರಶ್ನೆಯೇ ಇಲ್ಲ.

ಇದಿಲ್ಲದೆ ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರನ್ನು ಸಾಕೆಟ್ಟಿಗೆ ಚುಚ್ಚಿದರೆ, ಜನರೇಟರಿನ 230 ವೋಲ್ಟ್ ಮೀಟರ್ ದಾಟಿ ಟ್ರಾನ್ಸ್‌ಫಾರ್ಮರ್‌ಗೆ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅದು 11 ಸಾವಿರ ವೋಲ್ಟ್ ಆಗಿ, ಕರೆಂಟಿಲ್ಲವೆಂದು ಕಂಬ ಹತ್ತಿದ ಲೈನ್‌ಮ್ಯಾನ್‌ನ ಪ್ರಾಣ ತೆಗೆಯಬಲ್ಲದು.

ಕೊಳ್ಳುವಾಗ ಎಡವುವುದು ರೇಟಿಂಗ್‌ನಲ್ಲಿ. 2.1 ಕೆವಿಎ ಜನರೇಟರ್ ಕೊಡುವುದೇ 9 ಆಂಪ್, ಹಾಗಾಗಿ 16 ಆಂಪ್ ಸ್ವಿಚ್ ಸಾಕು ಅನ್ನುವವರಿದ್ದಾರೆ. ಆದರೆ ಲೈನ್ ಕರೆಂಟಿರುವಾಗ ಗೀಸರ್, ಮೋಟರ್ ಸೇರಿ ಮನೆಯ ಪೂರ್ತಿ ಲೋಡ್ ದಿನವೂ ಇದೇ ಸ್ವಿಚ್ಚಿನ ಮೂಲಕ ಹರಿಯುತ್ತದೆ. ಟರ್ಮಿನಲ್ ಕಾದು ಕರಗುವುದು ಅದಕ್ಕೇ. ಫೇಸ್ ಮಾತ್ರ ಬದಲಿಸುವ ಅಗ್ಗದ ಸಿಂಗಲ್ ಪೋಲ್ ಬೇಡ. ಅದರಲ್ಲಿ ನ್ಯೂಟ್ರಲ್ ಹೊರಗಿನ ಲೈನಿಗೆ ಅಂಟಿಕೊಂಡೇ ಇರುತ್ತದೆ.

ಜಾಗ: ಮೀಟರ್, ಮೇನ್ ಸ್ವಿಚ್ ಆದಮೇಲೆ, ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಗೆ, ಅಂದರೆ ಡಿಬಿಗೆ, ಮೊದಲು. ಯಾವ ಟರ್ಮಿನಲ್ ಯಾವುದಕ್ಕೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಮುಚ್ಚಳದ ಒಳಗಿನ ಚಿತ್ರ ನೋಡಿಯೇ ಜೋಡಿಸಬೇಕು. ಜನರೇಟರಿನಿಂದ 2.5 ಚದರ ಮಿ.ಮೀ. ತಾಮ್ರದ ಮೂರು ಕೋರ್ ಕೇಬಲ್, 10 ಆಂಪ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್). ಗೋಡೆಯಲ್ಲಿ ಪಿನ್ ಇರುವ ಇನ್‌ಲೆಟ್, ಕೇಬಲ್ ತುದಿಯಲ್ಲಿ ತೂತಿನ ಸಾಕೆಟ್. ಆಗ ಬಿಚ್ಚಿದರೂ ಕರೆಂಟಿರುವ ಪಿನ್ ಕೈಗೆ ಸಿಗದು. ಸ್ಕ್ರೂ ಬಿಗಿದು ಒಂದೊಂದು ವೈರನ್ನೂ ಎಳೆದು ನೋಡಿ, ಅಲುಗಾಡಿದರೆ ಮತ್ತೆ ಬಿಗಿಯಿರಿ. ಪೆಟ್ಟಿಗೆಗೂ ಅರ್ಥಿಂಗ್ ಬೇಕು. ಸಣ್ಣ ಪೆಟ್ರೋಲ್ ಜನರೇಟರ್‌ಗಳಲ್ಲಿ ಬಹಳಷ್ಟಕ್ಕೆ ನ್ಯೂಟ್ರಲ್ ಅರ್ಥ್ ಆಗಿರುವುದಿಲ್ಲ, ಹಾಗಿದ್ದರೆ ಕರೆಂಟು ಸೋರಿದರೆ ಕಡಿತ ಮಾಡುವ ಆರ್‌ಸಿಸಿಬಿಯನ್ನು ನಂಬುವಂತಿಲ್ಲ. ಇದನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಆಟೋಮ್ಯಾಟಿಕ್ ಮಾದರಿಗೆ ದುಡ್ಡು ಸುರಿಯುವುದು, ಹಗ್ಗ ಎಳೆದು ಶುರು ಮಾಡುವ ಜನರೇಟರ್‌ಗೆ, ಶುದ್ಧ ದಂಡ.

ಬಳಸುವಾಗ ಹಿಡಿಯನ್ನು ಆಫ್‌ಗೆ ತನ್ನಿ, ಡಿಬಿಯ ಎಂಸಿಬಿಗಳನ್ನೂ ಇಳಿಸಿ, ಜನರೇಟರ್ ಶುರು ಮಾಡಿ ಒಂದೆರಡು ನಿಮಿಷ ಓಡಲು ಬಿಡಿ. ಆಮೇಲೆ ಹಿಡಿ ತಿರುಗಿಸಿ, ಮೊದಲು ಫ್ರಿಜ್, ನಂತರ ದೀಪ, ಫ್ಯಾನ್. ನೀರಿನ ಮೋಟರ್ ಬೇಡ: ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆದು ಜನರೇಟರನ್ನೇ ನಿಲ್ಲಿಸುತ್ತದೆ. ಮಳೆಯೆಂದು ಜನರೇಟರನ್ನು ಜಗಲಿಯೊಳಕ್ಕೆ ತರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ.