ಹಳೆ ಡೆಸ್ಕ್‌ಟಾಪಿಗೆ ಜಿಟಿ 710: ಕಾರ್ಡ್ ಒಳ್ಳೆಯದೇ, ಡ್ರೈವರ್ ನೋಡಿ ಹಾಕಿ

ಕಲಬುರಗಿಯ ದಾಲ್ ಮಿಲ್ ಆಫೀಸು, ಡಿಟಿಪಿ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲಿ ಎಚ್61 ಬೋರ್ಡಿನ, ಎರಡನೇ ತಲೆಮಾರಿನ ಐ3 ಡೆಸ್ಕ್‌ಟಾಪುಗಳು ಇನ್ನೂ ದಿನವಿಡೀ ದುಡಿಯುತ್ತಿವೆ. ಟ್ಯಾಲಿಗೂ ನುಡಿಗೂ ಅವು ಧಾರಾಳ ಸಾಕು. ಅಡ್ಡ ಬರುವುದು ಡಿಸ್‌ಪ್ಲೇ. ಒಳಗಿನ ಎಚ್‌ಡಿ 2000 ಗ್ರಾಫಿಕ್ಸಿಗೆ ಇಂಟೆಲ್ ಕಂಪನಿ ವಿಂಡೋಸ್ 10ರ ಬೆಂಬಲ ಕೊಡಲೇ ಇಲ್ಲ. ಇಂಥ ಮಶೀನಿಗೆ ಎನ್‌ವಿಡಿಯಾ ಜಿಟಿ 710 ಇವತ್ತಿಗೂ ಸರಿಯಾದ ಗ್ರಾಫಿಕ್ಸ್ ಕಾರ್ಡು. ಎಳೆಯುವುದು 19 ವ್ಯಾಟ್ ಅಷ್ಟೇ. ಎಸ್‌ಎಂಪಿಎಸ್‌ನಿಂದ ಬೇರೆ ಕರೆಂಟ್ ವೈರ್ ಬೇಡ, ಸ್ಲಾಟಿಗೆ ಒತ್ತಿ ಕೂರಿಸಿದರೆ ಆಯಿತು. ಹೆಚ್ಚಿನ ಮಾಡೆಲ್‌ಗಳಲ್ಲಿ ವಿಜಿಎ ಪೋರ್ಟ್ ಇರುವುದರಿಂದ ಹಳೆ ಮಾನಿಟರೇ ನಡೆಯುತ್ತದೆ.

ಆದರೂ ‘ಕಾರ್ಡ್ ಖರಾಬ್’ ಎಂಬ ದೂರು ನಿಂತಿಲ್ಲ. ಬಹಳ ಸಲ ಕಾರ್ಡು ಚೆನ್ನಾಗೇ ಇರುತ್ತದೆ, ಅದನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶ, ಅಂದರೆ ಡ್ರೈವರ್, ಹೊಂದಿರುವುದಿಲ್ಲ. ಜಿಟಿ 710ರದು ಕೆಪ್ಲರ್ ಎಂಬ ಹಳೆ ಪೀಳಿಗೆಯ ಚಿಪ್. 470ರ ಸರಣಿಯ ನಂತರದ ಡ್ರೈವರ್‌ಗಳಲ್ಲಿ ಅದಕ್ಕೆ ಜಾಗವಿಲ್ಲ. ಇತ್ತೀಚಿನದನ್ನು ಇಳಿಸಿಕೊಂಡರೆ ‘ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ’ ಎಂದು ಇನ್‌ಸ್ಟಾಲರ್ ನಿಂತುಬಿಡುತ್ತದೆ. ಎನ್‌ವಿಡಿಯಾ ಸೈಟಿನಲ್ಲಿ ಜಿಫೋರ್ಸ್ 700 ಸರಣಿ, ಅದರೊಳಗೆ ಜಿಟಿ 710 ಎಂದು ನೀವೇ ಆರಿಸಿ, 47ರಿಂದ ಶುರುವಾಗುವ ಆವೃತ್ತಿಯನ್ನೇ ತೆಗೆದುಕೊಳ್ಳಿ.

ಮೊದಲಿದ್ದ ಡ್ರೈವರಿನ ಮೇಲೆಯೇ ಇದನ್ನು ಹಾಕಬೇಡಿ. ನೆಟ್ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ನುಗ್ಗಿ ತನಗೆ ತೋಚಿದ ಡ್ರೈವರ್ ತುಂಬುತ್ತದೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 4 ಒತ್ತಿ ಸೇಫ್ ಮೋಡಿಗೆ ಹೋಗಿ. ಅಲ್ಲಿ, ಮೊದಲೇ ಇಳಿಸಿಟ್ಟ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ತಂತ್ರಾಂಶ) ಓಡಿಸಿ ಹಳೆಯದನ್ನು ಬುಡಸಮೇತ ತೆಗೆದು, ಆಮೇಲೆ ಹೊಸದನ್ನು ಕಸ್ಟಮ್ ಆಯ್ಕೆಯಲ್ಲಿ ಹಾಕಿ. ಜಿಫೋರ್ಸ್ ಎಕ್ಸ್‌ಪೀರಿಯನ್ಸ್ ಬಿಟ್ಟುಬಿಡಿ, 4 ಜಿಬಿ ರ‍್ಯಾಮಿನ ಮಶೀನಿಗೆ ಅದು ಬರೀ ಭಾರ.

ಇಷ್ಟಾದ ಮೇಲೂ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 (ಕಾರ್ಡು ಕೆಲಸ ಮಾಡುತ್ತಿಲ್ಲ ಎಂಬ ದೋಷ) ಬಂದರೆ ಮಾತ್ರ ಕಾರ್ಡಿನ ಕಡೆ ನೋಡಿ. ಹೊರತೆಗೆದು ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿ. ಪರದೆ ಪೂರಾ ಕಪ್ಪಾಗಿಯೇ ಇದ್ದರೆ ಕೇಬಲ್ ಬೋರ್ಡಿನ ಪೋರ್ಟಿನಲ್ಲೇ ಉಳಿದಿದೆಯೇ ನೋಡಿ; ಬಯೋಸ್‌ನಲ್ಲಿ ಮೊದಲ ಡಿಸ್‌ಪ್ಲೇಯನ್ನು ಪಿಸಿಐ ಎಕ್ಸ್‌ಪ್ರೆಸ್ ಮಾಡಿ.

ನಮ್ಮ ಕಡೆ ಇನ್ನೊಂದು ಪೀಡೆ ಬಿಸಿಲು. ಫ್ಯಾನಿಲ್ಲದ, ಬರೀ ಹೀಟ್‌ಸಿಂಕಿನ ಮಾಡೆಲ್ ಸದ್ದಿಲ್ಲದ್ದು ನಿಜ. ಆದರೆ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟಿದಾಗ, ರೆಕ್ಕೆಗಳ ಸಂದಿಯಲ್ಲಿ ತೊಗರಿ ಹೊಟ್ಟಿನ ಧೂಳು ಗಟ್ಟಿಯಾಗಿ ಕೂತಾಗ ಅದು ತಣಿಯುವುದಾದರೂ ಹೇಗೆ? ಪರದೆ ಕ್ಷಣ ಕಪ್ಪಾಗಿ ಮರಳುತ್ತದೆ, ಇವೆಂಟ್ ವ್ಯೂವರಿನಲ್ಲಿ 4101, ಅಂದರೆ ಡ್ರೈವರ್ ನಿಂತು ಚೇತರಿಸಿಕೊಂಡಿತು ಎಂಬ ಸಂಖ್ಯೆ, ದಾಖಲಾಗುತ್ತದೆ. ಡ್ರೈವರ್ ಹೊಸದಾಗಿ ಹಾಕಿದ ಮೇಲೂ ಇದು ಮರುಕಳಿಸಿದರೆ ಕಾರ್ಡಿನ ವಿವರ ತೋರಿಸುವ ತಂತ್ರಾಂಶ ಜಿಪಿಯು-ಝಡ್‌ನಲ್ಲಿ ಉಷ್ಣತೆ ನೋಡಿ. 90ರ ಹತ್ತಿರವಿದ್ದರೆ ಬ್ಲೋವರ್ ಹೊಡೆದು, ಕ್ಯಾಬಿನೆಟ್ಟಿಗೆ 80 ಮಿ.ಮೀ. ಫ್ಯಾನೊಂದನ್ನು ಕಾರ್ಡಿನ ಕಡೆ ಮುಖ ಮಾಡಿ ಹಾಕಿ.

ಗೇಮಿಗೆಂದು ಕೊಳ್ಳಬೇಡಿ. ಯೂಟ್ಯೂಬಿನಲ್ಲೂ ವಿಪಿ9 ಎಂಬ ಮಾದರಿಯ ವಿಡಿಯೋದ ಹೊರೆ ಪ್ರೊಸೆಸರಿನ ಮೇಲೇ ಬೀಳುತ್ತದೆ. ಬ್ರೌಸರಿಗೆ ಎಚ್264ಇಫೈ ಎಕ್ಸ್‌ಟೆನ್ಷನ್ ಹಾಕಿದರೆ ವಿಡಿಯೋ ಎಚ್.264 ಮಾದರಿಯಲ್ಲಿ ಬರುತ್ತದೆ, ಕಾರ್ಡು ಆ ಕೆಲಸ ವಹಿಸಿಕೊಂಡು 1080ಪಿ ಸಲೀಸಾಗಿ ಓಡುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕೊಳ್ಳಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೇ ಹೋಗಿ ತನ್ನಿ, ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಜಿಪಿಯು-ಝಡ್ ತೆರೆಸಿ. ಚಿಪ್ ಹೆಸರು ಜಿಕೆ208 ಅಥವಾ ಜಿಕೆ208ಬಿ ಇರಬೇಕು. ‘710 ಯಾಕೆ, 730 ಒಯ್ಯಿರಿ’ ಎಂದು ಹೇಳಿದರೆ ಇನ್ನೂ ಹುಷಾರಾಗಿರಿ. 730ರಲ್ಲಿ 96 ಕೋರಿನ, 128 ಬಿಟ್‌ನ ಒಂದು ಬಗೆ ಹಳೆ ಫರ್ಮಿ ಚಿಪ್ಪಿನದು, ಅದರ ಡ್ರೈವರ್ 391.35ಕ್ಕೇ ನಿಂತುಹೋಗಿದೆ.