ರೂಮು, ಕ್ಯಾಬಿನ್, ಚಿಗರಿ: ಓದಿದ್ದು ಎಲ್ಲಿ ಉಳಿಯಿತು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೇ ತುಂಬಿರುವ ಧಾರವಾಡದ ಸಪ್ತಾಪುರದಲ್ಲಿ ಯಾರನ್ನಾದರೂ ನಿಲ್ಲಿಸಿ "ಎಷ್ಟು ಓದ್ತೀರಿ?" ಅಂತ ಕೇಳಿ ನೋಡಿ, ಉತ್ತರ ತಾಸಿನ ಲೆಕ್ಕದಲ್ಲೇ ಬರುತ್ತದೆ. "ದಿನಾ ಹತ್ತು ತಾಸು ರೀ." ಪಕ್ಕದಲ್ಲಿದ್ದವರು ಹನ್ನೆರಡು ಅನ್ನುತ್ತಾರೆ. ನಾನೂ ಎರಡು ವರ್ಷ ಹೀಗೇ ಹೇಳಿಕೊಂಡು ಓಡಾಡಿದವಳು. ಆಮೇಲೆ ಒಂದು ಪರೀಕ್ಷೆಯಲ್ಲಿ ಹಿಂದಿನ ವಾರವಷ್ಟೇ ಮೂರು ಸಲ ಓದಿದ್ದ ವಿಷಯ ಬಂತು. ಆ ಪುಟ ಎಡಗಡೆ ಇತ್ತು, ಹಳದಿ ಪೆನ್ನಿನಿಂದ ಗೆರೆ ಎಳೆದಿದ್ದೆ, ಮೂಲೆಯಲ್ಲಿ ಚಹಾದ ಕಲೆ ಇತ್ತು, ಎಲ್ಲ ನೆನಪಾಯಿತು. ಗೆರೆ ಎಳೆದ ಸಾಲು ಏನು ಹೇಳುತ್ತಿತ್ತೆಂಬುದು ಮಾತ್ರ ಬರಲಿಲ್ಲ.

ಅಂದಿನಿಂದ ತಾಸು ಎಣಿಸುವುದನ್ನು ಬಿಟ್ಟು ಬೇರೆ ಅಳತೆ ಹಿಡಿದೆ. ಓದಿದ ಪಾಠದಲ್ಲಿ 20 ಅಂಶ ಗುರುತು ಮಾಡಿಡುವುದು, ಎರಡು ದಿನ ಬಿಟ್ಟು ಪುಸ್ತಕ ಮುಚ್ಚಿ ಖಾಲಿ ಹಾಳಿಯ ಮೇಲೆ ನೆನಪಿದ್ದಷ್ಟು ಬರೆಯುವುದು, ಎಷ್ಟು ಬಂತೋ ಅಷ್ಟೇ ಮಾರ್ಕು. ಈ ಹಾಳಿ ಹಿಡಿದುಕೊಂಡೇ ಮೂರು ಕಡೆ ಓದಿ ನೋಡಿದೆ: ಸಪ್ತಾಪುರದ ರೂಮು, ದುಡ್ಡು ಕೊಟ್ಟು ಕೂಡುವ ಸ್ಟಡಿ ರೂಮಿನ ಕ್ಯಾಬಿನ್, ಹುಬ್ಬಳ್ಳಿಯ ಚಿಗವ್ವನ ಮನೆ. ಒಂದೊಂದು ಕಡೆ ಸುಮಾರು ಆರು ವಾರ.

ರೂಮಿನಲ್ಲಿ ನಾವು ಮೂವರು. ಬಾಡಿಗೆ ಹಂಚಿಕೊಂಡರೆ ಸೋವಿ, ಊಟದ ಚಿಂತೆಯೂ ಕಡಿಮೆ. ರೋಣದ ಕಡೆಯ ನಮ್ಮೂರಿಂದ ಅವ್ವ ವಾರಕ್ಕೊಮ್ಮೆ ಬಸ್ಸಿಗೆ ಬುತ್ತಿ ಹಾಕುತ್ತಾಳೆ: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಆದರೆ ಆ ಬುತ್ತಿ ಇಳಿಸಿಕೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹಾಳು. ಇನ್ನು ನಲ್ಲಿಯಲ್ಲಿ ನೀರು ಬರುವ ದಿನ ಓದಿನ ಮಾತೇ ಇಲ್ಲ. ಡ್ರಮ್ಮು, ಕೊಡ, ಬಕೆಟ್ಟು, ಕಡೆಗೆ ಕುಕ್ಕರನ್ನೂ ತುಂಬಿಸಿಡಬೇಕು. ಮೂವರಲ್ಲಿ ಒಬ್ಬಳಿಗೆ ಬೇಸರ ಬಂತೆಂದರೆ ಗಿರ್ಮಿಟ್ ತಿನ್ನಲು ಮೂವರೂ ಹೊರಡುತ್ತೇವೆ. ಹಾಳಿಯ ಮೇಲೆ 20ಕ್ಕೆ 8, 9 ಬರುತ್ತಿತ್ತು.

ರೂಮಿನ ಒಂದು ಲಾಭ ಮಾತ್ರ ಬೇರೆಲ್ಲೂ ಸಿಗಲಿಲ್ಲ. ರಾತ್ರಿ ಚಪಾತಿ ಲಟ್ಟಿಸುವಾಗ ಒಬ್ಬರಿಗೊಬ್ಬರು ಪ್ರಶ್ನೆ ಎಸೆಯುತ್ತಿದ್ದೆವು. "371ಜೆ ಯಾವ ತಿದ್ದುಪಡಿಲೇ?" ಅಂದರೆ "98, 2012" ಅಂತ ಒಲೆಯ ಕಡೆಯಿಂದ ಉತ್ತರ ಬರುತ್ತಿತ್ತು (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ ಅದು). ಹಾಗೆ ಕೇಳಿ ಹೇಳಿದ್ದೊಂದೂ ಇವತ್ತಿಗೂ ಮರೆತಿಲ್ಲ. ಅದರ ಗುಟ್ಟು ಆಗ ನನಗೆ ಹೊಳೆಯಲಿಲ್ಲ, ಹರಟೆ ಅಂದುಕೊಂಡಿದ್ದೆ.

ಕ್ಯಾಬಿನ್ನಿಗೆ ತಿಂಗಳಿಗೆ 800 ರೂಪಾಯಿ ಕೊಟ್ಟೆ. ಪ್ಲೈವುಡ್ ಗೋಡೆ, ತಲೆಯ ಮೇಲೊಂದು ಲೈಟು, ಚಾರ್ಜರಿಗೆ ಪ್ಲಗ್ಗು, ವೈಫೈ. ಬಾಗಿಲಲ್ಲಿ "24 ತಾಸು" ಎಂಬ ಬೋರ್ಡು. ನಮ್ಮಂಥ ಹುಡುಗಿಯರಿಗೆ ಆ ಬೋರ್ಡು ಲೆಕ್ಕಕ್ಕಿಲ್ಲ, ಮನೆಯ ಮಾಲಕರು ಒಂಬತ್ತಕ್ಕೆ ಗೇಟು ಹಾಕುತ್ತಾರೆ. ಆದರೂ ಕೂಡುವ ರೂಢಿ ಬೀಳಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎದುರಿನವರು ಏಳದಿದ್ದರೆ ನಾವೂ ಏಳುವುದಿಲ್ಲ, ಎದ್ದರೆ ಕುರ್ಚಿ ಸರಿದ ಸದ್ದಿಗೆ ನಾಲ್ಕು ತಲೆ ತಿರುಗುತ್ತವೆ. ದಿನಕ್ಕೆ ಒಂಬತ್ತು ತಾಸು ಕೂತೆ. ಊರಿಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದ್ದೂ ಆಯಿತು.

ಹಾಳಿಯ ಮೇಲೆ ಬಂದದ್ದು 8.

ನಂಬಲಾಗದೆ ಮತ್ತೊಂದು ವಾರ ನೋಡಿದೆ. 9, 7, 8. ರೂಮಿಗಿಂತ ಎರಡುಪಟ್ಟು ಹೊತ್ತು ಕೂತು ರೂಮಿನಷ್ಟೂ ಬರಲಿಲ್ಲ. ಆ ಒಂಬತ್ತು ತಾಸಿನಲ್ಲಿ ನಾನು ಮಾಡುತ್ತಿದ್ದುದೇನೆಂದು ಒಂದು ದಿನ ಬರೆದಿಟ್ಟೆ. ಓದಿದ್ದನ್ನೇ ಮತ್ತೆ ಓದುವುದು, ಗೆರೆ ಎಳೆಯುವುದು, ಝೆರಾಕ್ಸ್ ನೋಟ್ಸನ್ನು ಚೆಂದದ ಅಕ್ಷರದಲ್ಲಿ ಇನ್ನೊಂದು ವಹಿಗೆ ಇಳಿಸುವುದು. ಮೂರನೆಯ ಸಲ ಓದುವಾಗ ಸಾಲು ಪರಿಚಿತವಾಗಿ ಕಾಣುತ್ತದೆ. ಪರಿಚಯವನ್ನೇ ನಾವು ತಿಳಿವಳಿಕೆ ಅಂದುಕೊಳ್ಳುತ್ತೇವೆ. ದಿನಾ ಬಸ್‌ಸ್ಟಾಪಿನಲ್ಲಿ ಕಾಣುವವರ ಮುಖ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲವಲ್ಲ, ಹಾಗೆ.

ಆಮೇಲೆ ಚಿಗವ್ವನಿಗೆ ಮೊಣಕಾಲು ನೋವು ಜೋರಾಗಿ ನಾನು ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗಿ ಇರಬೇಕಾಯಿತು. ಧಾರವಾಡದ ಕ್ಲಾಸು ಬಿಡುವಂತಿರಲಿಲ್ಲ. ಬೆಳಿಗ್ಗೆ ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು, ಸಂಜೆ ಮತ್ತೆ ಚಿಗರಿ ಬಸ್ಸು, ಒಂದು ಸಲಕ್ಕೆ ಮುಕ್ಕಾಲು ತಾಸು. ಓದಿಗೆ ಎಳ್ಳುನೀರು ಬಿಟ್ಟಂತೆಯೇ ಅಂದುಕೊಂಡೆ. ಬಸ್ಸಿನಲ್ಲಿ ಪುಸ್ತಕ ತೆರೆದರೆ ನನಗೆ ತಲೆ ತಿರುಗುತ್ತದೆ. ಬೇರೆ ದಾರಿ ಇಲ್ಲದೆ ಕಣ್ಣು ಮುಚ್ಚಿ ಹಿಂದಿನ ದಿನ ಓದಿದ್ದನ್ನು ನೆನಪಿನಿಂದಲೇ ಹೇಳಿಕೊಳ್ಳತೊಡಗಿದೆ.

ಕೆಲವು ದಿನಗಳಲ್ಲಿ ನಿಲ್ದಾಣಗಳೇ ಪಾಠಕ್ಕೆ ಅಂಟಿಕೊಂಡವು. ಮೂಲಭೂತ ಹಕ್ಕುಗಳನ್ನು ತಗೊಳ್ಳಿ. ವಿದ್ಯಾನಗರದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಹತ್ತುವುದು ಸಮಾನತೆ, 14ರಿಂದ 18ನೇ ವಿಧಿ. ಉಣಕಲ್ ಕೆರೆಯ ದಂಡೆಯಲ್ಲಿ ಆರಾಮಾಗಿ ಅಡ್ಡಾಡುವವರು ಸ್ವಾತಂತ್ರ್ಯ, 19ರಿಂದ 22. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು ಶೋಷಣೆಯ ವಿರುದ್ಧದ ಹಕ್ಕು, 23 ಮತ್ತು 24. ಇಸ್ಕಾನ್ ಬಂದರೆ ಧರ್ಮ, 25ರಿಂದ 28. ವಿದ್ಯಾಗಿರಿಗೆ ಹೆಸರೇ ಸಾಕು, ಸಂಸ್ಕೃತಿ ಮತ್ತು ಶಿಕ್ಷಣ, 29 ಮತ್ತು 30. ಟೋಲ್ ನಾಕಾದಲ್ಲಿ ಈಗ ಟೋಲ್ ಇಲ್ಲ, ಹೆಸರಷ್ಟೇ ಉಳಿದಿದೆ. ಆಸ್ತಿ ಹಕ್ಕಿನ 31ನೇ ವಿಧಿಯೂ ಹಾಗೇ, 1978ರ 44ನೇ ತಿದ್ದುಪಡಿಯಲ್ಲಿ ತೆಗೆದುಹಾಕಿದರು. ಕೋರ್ಟ್ ಸರ್ಕಲ್ಲಿಗೆ ಬಂದರೆ 32, ಹಕ್ಕಿಗೆ ಧಕ್ಕೆಯಾದರೆ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯುವ ಹಕ್ಕು. ಧಾರವಾಡದ ಕೋರ್ಟು ಸುಪ್ರೀಂ ಅಲ್ಲವೆಂಬುದು ನನಗೂ ಗೊತ್ತು ಬಿಡಿ.

"ಬಸ್ಸಿನ್ಯಾಗ ಕಣ್ಣು ಮುಚ್ಚಿ ಗುಣುಗುಣು ಅಂತೀಯಂತ, ಬಾಜೂ ಮನಿ ಅಕ್ಕಾರು ಹೇಳಿದ್ರು. ಜಪಾ ಹಿಡದೀಯೇನವಾ?" ಎಂದು ಚಿಗವ್ವ ಕೇಳಿದಳು. ಮನೆಗೆಲಸ, ಬಸ್ಸು ಎಲ್ಲ ಕಳೆದು ದಿನಕ್ಕೆ ನಾಲ್ಕು ತಾಸು ಓದಿದರೆ ಹೆಚ್ಚಾಗಿದ್ದ ಆ ವಾರಗಳಲ್ಲಿ ಹಾಳಿಯ ಮೇಲೆ 14, 15 ಬಂತು.

ಇದು ಬಸ್ಸಿನ ಪುಣ್ಯವೋ, ಕಣ್ಣು ಮುಚ್ಚಿ ಹೇಳಿಕೊಂಡದ್ದರ ಪುಣ್ಯವೋ? ಚಿಗವ್ವ ಚೇತರಿಸಿಕೊಂಡ ಮೇಲೆ ಧಾರವಾಡಕ್ಕೆ ಮರಳಿ ಅದೇ ಕ್ಯಾಬಿನ್ನಿನಲ್ಲಿ ಎರಡು ವಾರ ಕೂತೆ, ರೀತಿ ಮಾತ್ರ ಬದಲಿಸಿಕೊಂಡು. ಒಂದು ಸಲ ಓದು, ಪುಸ್ತಕ ಮುಚ್ಚು, ಬರೆ, ತಪ್ಪಿದ್ದನ್ನು ನೋಡು. 13 ಬಂತು. ಅಂದರೆ ಕ್ಯಾಬಿನ್ನನ್ನು ನಾನು ಸುಮ್ಮನೆ ಬೈದಿದ್ದೆ.

ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲೇ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದು ಗುಂಪು ಒಂದು ಭಾಗವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದು. ವಾರದ ಬಳಿಕ ಕೇಳಿದರೆ ಓದಿದವರಿಗೆ ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು ನೆನಪಿತ್ತು. ಆ ಐದು ನಿಮಿಷದ ಮುನ್ನಡೆಯೇ ನಮ್ಮನ್ನು ಹಾಳು ಮಾಡುವುದು. ರಾತ್ರಿ ಓದಿ ಮಲಗುವಾಗ ಎಲ್ಲ ಬಂದಂತೆಯೇ ಇರುತ್ತದೆ.

ಉಳಿದ ಹೋಲಿಕೆಗಳಲ್ಲಿ ಅಂಥ ಹುರುಳಿಲ್ಲ. ಬೆಳಗಿನ ನಾಲ್ಕೋ ರಾತ್ರಿ ಹನ್ನೆರಡೋ ಎಂಬುದರಲ್ಲಿ ನನಗೆ ಅರ್ಧ ಮಾರ್ಕಿನ ವ್ಯತ್ಯಾಸವೂ ಕಾಣಲಿಲ್ಲ, ನಿದ್ದೆ ಆರು ತಾಸಿಗಿಂತ ಕಡಿಮೆಯಾದರೆ ಎರಡೂ ದಂಡ. ಇಟಲಿಯ ಚಿರಿಲ್ಲೊ ಎಂಬಾತ ಅಡುಗೆಮನೆಯ ಟೊಮೆಟೊ ಗಡಿಯಾರ ಇಟ್ಟುಕೊಂಡು ಶುರು ಮಾಡಿದ, 25 ನಿಮಿಷ ಓದಿ ಸ್ವಲ್ಪ ಬಿಡುವು ಕೊಡುವ ಪದ್ಧತಿ ಗಣಿತಕ್ಕೆ ಒಗ್ಗಿತು. ಇತಿಹಾಸಕ್ಕೆ ಒಗ್ಗಲಿಲ್ಲ, ಒಂದು ಯುದ್ಧ ಮುಗಿಯುವ ಮೊದಲೇ ಗಂಟೆ ಬಾರಿಸುತ್ತದೆ.

ಈಗ ರೂಮಿನಲ್ಲೇ ಇದ್ದೇನೆ. ಮೂವರೂ ಊಟದ ಹೊತ್ತಿನ ಪ್ರಶ್ನೆಗಳನ್ನು ಟೈಮ್‌ಟೇಬಲ್ಲಿಗೆ ಸೇರಿಸಿದ್ದೇವೆ. ಪರೀಕ್ಷೆಗೆ ಎರಡು ತಿಂಗಳು ಉಳಿದಾಗ ಮಾತ್ರ ಕ್ಯಾಬಿನ್ನಿಗೆ ದುಡ್ಡು ಕಟ್ಟುತ್ತೇನೆ. ರೂಮಿನ ಗೆಳತಿಯೊಬ್ಬಳು ಇದನ್ನೊಪ್ಪುವುದಿಲ್ಲ, ಕ್ಯಾಬಿನ್ ಇಲ್ಲದಿದ್ದರೆ ಅವಳು ಪುಸ್ತಕವನ್ನೇ ತೆರೆಯುವುದಿಲ್ಲ, ಅದೂ ಖರೆ. ಇನ್ನು ರವಿವಾರ ಚಿಗವ್ವನನ್ನು ನೋಡುವ ನೆಪದಲ್ಲಿ ಚಿಗರಿ ಹತ್ತುತ್ತೇನೆ. ನೀವೂ ನಾನು ಆಗ ಮಾಡುತ್ತಿದ್ದಂತೆ ಹುಬ್ಬಳ್ಳಿಯಿಂದ ಹೋಗಿ ಬರುವುದಾದರೆ ಎಡಗಡೆಯ ಕಿಟಕಿ ಹಿಡಿಯಿರಿ. ಬೆಳಿಗ್ಗೆ ಧಾರವಾಡಕ್ಕೆ ಹೋಗುವಾಗಲೂ ಸಂಜೆ ಹುಬ್ಬಳ್ಳಿಗೆ ಬರುವಾಗಲೂ ಬಿಸಿಲು ಬಲಗಡೆಯಿಂದಲೇ ಬೀಳುತ್ತದೆ, ಕಣ್ಣು ಮುಚ್ಚಿದರೂ ಚುಚ್ಚುತ್ತದೆ.